ನಮ್ಮ ಮನೆಯ ಮಧ್ಯಾಹ್ನದ ಕೊಲೆಗಳು

ನಮ್ಮ ಮನೆಯಲ್ಲಿ ಕೊಲೆ ನಡೆಯದ ವಾರ ಇಲ್ಲ. ಕೊಲೆ ಆದ ಮೇಲೆ ಯಾರೂ ನಗದ ವಾರವೂ ಇಲ್ಲ. ಕೊಲೆಯೆಲ್ಲ ಟಿವಿಯೊಳಗೆ, ನಗುವೆಲ್ಲ ಅದರ ಮುಂದಿನ ಚಾಪೆಯ ಮೇಲೆ. ನಾನು ಆ ಕಾಲಕ್ಕೇ ಕಲಬುರಗಿಗೆ ಹೋಗಿ ಬಿ.ಎ. ಮುಗಿಸಿದವಳು, ಬರೆದಿಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಸಿನಿಮಾದ ಹೆಸರು, ನೋಡಿದ ದಿನ, ಅರ್ಧದಲ್ಲಿ ನನಗೆ ಯಾರ ಮೇಲೆ ಸಂಶಯ ಬಂತು, ಕೊನೆಗೆ ಸಿಕ್ಕವರು ಯಾರು, ಎಲ್ಲವೂ ಡೈರಿಯಲ್ಲಿದೆ. ನಕ್ಕದ್ದನ್ನು ಮಾತ್ರ ಬರೆದಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಹಾರಿದ ಬೇಳೆ

ದೆವ್ವದ ಸಿನಿಮಾಕ್ಕೆ ಕತ್ತಲೆ ಬೇಕು ಅನ್ನುವವರ ಮನೆಯಲ್ಲಿ ಬಚ್ಚಲು ಒಳಗೇ ಇರುತ್ತದೆ. ನಮ್ಮದು ಹಿತ್ತಲಲ್ಲಿ, ಬೇವಿನ ಮರದ ಕೆಳಗೆ. ಆದ್ದರಿಂದ ಜೇವರ್ಗಿಯ ನಮ್ಮ ಮನೆಯಲ್ಲಿ ದೆವ್ವ ಬರುವುದು ಮಧ್ಯಾಹ್ನ ಊಟವಾದ ಮೇಲೆ, ಉರಿಬಿಸಿಲಲ್ಲಿ.

ಬಾಜೂ ಮನೆಯ ಆಪಾ ತಪ್ಪದೆ ಬರುತ್ತಾರೆ. ನಾನು ಅವರನ್ನು ಆಪಾ ಅನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ಇಷ್ಟು ವರ್ಷವಾದರೂ ಯಾರು ಹಿರಿಯರೆಂದು ಇಬ್ಬರೂ ಒಪ್ಪಿಲ್ಲ. ಸುಮ್ಮನೆ ಕೂತು ಸಿನಿಮಾ ನೋಡುವುದು ಅವರಿಗೆ ಸೇರದು. ಕೈಗೊಂದು ಕೆಲಸ ಬೇಕು. ಒಂದು ಸಲ ಮೊರದ ತುಂಬ ತೊಗರಿಬೇಳೆ ತಂದು ಹಸನು ಮಾಡುತ್ತಿದ್ದರು. ಕಪಾಟಿನ ಬಾಗಿಲು ತೆರೆದು ದೆವ್ವ ಹೊರಬಂದದ್ದೇ ತಡ, "ಹಾಯ್ ಅಲ್ಲಾ!" ಅಂದರು, ಮೊರ ಮೇಲೆ ಹೋಯಿತು, ಬೇಳೆ ನಮ್ಮೆಲ್ಲರ ತಲೆಯ ಮೇಲೆ ಬಿತ್ತು. ದೆವ್ವ ಯಾರನ್ನು ಕೊಂದಿತೋ ಇವತ್ತಿಗೂ ಗೊತ್ತಿಲ್ಲ. ನಾವೆಲ್ಲ ಚಾಪೆಯ ಮೇಲೆ ಬೇಳೆ ಆರಿಸುತ್ತಿದ್ದೆವು.

"ಮುಂದಿನ ಸಲ ಕೆಲಸ ಗಿಲಸ ತರಬ್ಯಾಡ್ರಿ ಆಪಾ" ಅಂದೆ.

"ತರ್ತೇನಿ. ಹುಣಸಿಹಣ್ಣ ತರ್ತೇನಿ. ಕೈಗೆ ಅಂಟಿಕೊಂಡಿರ್ತದ, ಹಾರೂದಿಲ್ಲ."

ಹಿಮದ ಊರಿನ ರೊಟ್ಟಿ

ನಮ್ಮ ಯಜಮಾನರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವಾಗ ಬಂತು, ಯಾವಾಗ ಬಿಟ್ಟಿತು ಎಂದು ಬರೆಯುವುದರಲ್ಲೇ ನೌಕರಿ ಮುಗಿಸಿದರು. ನಿವೃತ್ತಿಯಾದ ಮೇಲೆ ನನ್ನ ಜೊತೆ ಸಿನಿಮಾಕ್ಕೆ ಕೂತರು. ಆಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು.

ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಕೊಲೆಗಳು ಚಳಿ ದೇಶಗಳಲ್ಲೇ ಆಗುತ್ತವೆ. ಆ ಭಾಷೆ ನಮಗೆ ಬರುವುದಿಲ್ಲ, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರವೇ ಗತಿ. ಅವು ಅವರಿಗೆ ಕಾಣದಾದಾಗ ನಾನೇ ಓದಿ, ಕನ್ನಡ ಮಾಡಿ ಹೇಳತೊಡಗಿದೆ. ಅಲ್ಲಿಯ ಊರುಗಳ ಹೆಸರಿಗೆ ನಾಲಿಗೆ ಹೊರಳುತ್ತಿರಲಿಲ್ಲ, ನಮ್ಮ ಕಡೆಯ ಊರುಗಳ ಹೆಸರನ್ನೇ ಇಟ್ಟೆ. ಹೊಳೆದಂಡೆಯ ಊರಿಗೆ ಮಣ್ಣೂರ ಅಂದೆ, ಹೊಲದ ಊರಿಗೆ ಮಾದನಹಿಪ್ಪರಗಾ ಅಂದೆ. ಹಿಮದ ಊರಿನ ಒಂದು ಸಿನಿಮಾದಲ್ಲಿ ಪತ್ತೇದಾರ ತಟ್ಟೆಯಲ್ಲಿ ಏನೋ ಬೆಳ್ಳಗಿನದನ್ನು ತಿನ್ನುತ್ತಿದ್ದ. ನಾನು, "ರೊಟ್ಟಿ ಪುಂಡಿಪಲ್ಯ ಉಣ್ಣಾಕತ್ಯಾನ" ಅಂದೆ.

"ಅದಕ್ಕ ಮತ್ತ ಅವನ ತಲಿ ಅಷ್ಟ ಓಡಾಕತ್ತದ" ಅಂದರು.

ಅದೇ ಸಿನಿಮಾದಲ್ಲಿ ಮುದುಕನೊಬ್ಬನ ನಾಯಿಗೆ ಗುಂಡು ಬಿತ್ತು. ಹಿಂದೊಮ್ಮೆ, ಕಣ್ಣು ಚೆನ್ನಾಗಿದ್ದಾಗ, ಪರದೆಯ ಮೇಲೆ ನಾಯಿ ಸತ್ತದ್ದು ನೋಡಿ ಈ ಮನುಷ್ಯ ಸಂಜೆಯ ಚಹಾ ಮುಟ್ಟಿರಲಿಲ್ಲ. ಮನುಷ್ಯರು ಎಷ್ಟಾದರೂ ಸಾಯಲಿ, ನನ್ನ ಮನೆಯಲ್ಲಿ ನಾಯಿ ಸಾಯಬಾರದು ಎಂದು ಅಂದೇ ನಿಶ್ಚಯ ಮಾಡಿದ್ದೆ.

"ಢಂ ಅಂತಲ್ಲ, ನಾಯಿ ಎಲ್ಲಿ?"

"ಹೆದರಿ ಓಡಿತ್ರಿ. ಆಳಂದದಾಗ ಮುದುಕನ ತಂಗಿ ಇದ್ದಾಳ, ಅಲ್ಲಿಗೆ ಹೊಂಟದ."

"ಯಾವ ಬಸ್ಸಿಗೆ?"

"ಮಧ್ಯಾಹ್ನದ ಬಸ್ಸಿಗೆ."

ಅವರ ಮುಖ ಅರಳಿತು. "ಛಲೋ ಆತು. ಅದು ಖಾಲಿ ಇರ್ತದ, ಆರಾಮ ಹೋಗ್ತದ."

ಹೋಗುವ ಮೊದಲೇ ಬಂದ ಬಸ್ಸು

ವಿಜ್ಞಾನದ ಸಿನಿಮಾದಲ್ಲಿ ಯಂತ್ರ ಹೇಗೆ ಓಡುತ್ತದೆ ಎಂದು ವಿವರಿಸಲೇಬಾರದು. ವಿವರಿಸಿದರೆ ಕಂಟ್ರೋಲರ್ ಇರುವ ಮನೆಯಲ್ಲಿ ಪ್ರಶ್ನೆಗಳು ಏಳುತ್ತವೆ. ಒಂದರಲ್ಲಿ ವಿಜ್ಞಾನಿ ಯಂತ್ರ ಹತ್ತಿ ಹಳೆಯ ಕಾಲಕ್ಕೆ ಹೋಗಿ, ತಾನು ಹೊರಡುವ ಮೊದಲೇ ತನ್ನ ಮನೆಗೆ ತಿರುಗಿ ಬಂದ.

"ನಿಲ್ಲಸು" ಅಂದರು ಯಜಮಾನರು. "ಬಿಡೂಕಿಂತ ಮೊದಲ ಬಂದ ಗಾಡಿ ರಜಿಸ್ಟರಿನಾಗ ಹ್ಯಾಂಗ ಬರೀತಾರ?"

"ಅಲ್ಲಿ ರಜಿಸ್ಟರ್ ಇಲ್ರಿ."

"ರಜಿಸ್ಟರ್ ಇಲ್ದ ಗಾಡಿ ಬಿಟ್ಟವರ್ಯಾರು?"

ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಆಪಾ ಕೈ ನಿಲ್ಲಿಸಿದರು. "ಭಾಯಿ, ಅಂಥಾ ಗಾಡಿ ನನಗೊಂದ ಬೇಕ್ರಿ. ಅಫಜಲಪುರದಾಗ ನನ್ನ ಮಗಳ ಅತ್ತಿ ಇದ್ದಾಳಲ್ಲ, ಆಕಿನ್ನ ನೋಡಾಕ ಹೋಗೂದೈತಿ. ಹೋಗೂಕಿಂತ ಮೊದಲ ವಾಪಸ್ ಬಂದುಬಿಡ್ತೇನಿ."

ಸಂಶಯ ಬಂದದ್ದು

ಕಲಬುರಗಿಯ ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಆಪರೇಷನ್ ಬೇಗ ಆಗಬೇಕು, ತಡವಾದಷ್ಟೂ ತೊಡಕು. ಯಜಮಾನರು ಒಪ್ಪಲಿಲ್ಲ. ಬೇಸಿಗೆಯಲ್ಲಿ ಬಿಸಿಲು ಬಹಳ ಅಂದರು. ಮಳೆಗಾಲದಲ್ಲಿ ಕೆಸರು ಅಂದರು. ಚಳಿಗಾಲಕ್ಕೆ ಕಾರಣ ಸಿಗದೆ ಚಳಿ ಅಂದರು. ಅಷ್ಟರಲ್ಲಿ ಬಾಗಿಲಿಗೆ ಬಂದ ನಮ್ಮ ಸೊಸೆಯನ್ನು ಆಪಾ ಎಂದು ತಿಳಿದು ಮಾತಾಡಿಸುವಷ್ಟು ಕಣ್ಣು ಮಂಜಾಯಿತು. ಹಿತ್ತಲ ಮೆಟ್ಟಿಲಲ್ಲಿ ಎಡವಿದರು. ನನಗೆ ನಿದ್ದೆ ಬರದಾಯಿತು.

ಸೂಜಿಗೆ ಹೆದರುವ ಮನುಷ್ಯ ಅಲ್ಲ. ಹಾಗಾದರೆ ಕಾರಣವೇನು? ಇಷ್ಟು ಸಿನಿಮಾ ನೋಡಿ ನಾನು ಕಲಿತದ್ದು ಇಷ್ಟೇ: ಆದದ್ದರಿಂದ ಯಾರಿಗೆ ಲಾಭ ಎಂದು ಮೊದಲು ಕೇಳಬೇಕು. ಕಣ್ಣು ಮಂಜಾದರೆ ಯಾರಿಗೆ ಲಾಭ?

ಸುಳಿವು ಒಂದು ಮಧ್ಯಾಹ್ನ ತಾನಾಗಿ ಸಿಕ್ಕಿತು. ಅಂದು ಹಾಕಿದ್ದು ಕನ್ನಡದ್ದೇ ದೆವ್ವದ ಸಿನಿಮಾ. ದೆವ್ವ ಸಹ ಅಚ್ಚ ಕನ್ನಡದಲ್ಲಿ ಕೂಗುತ್ತಿತ್ತು. ಯಜಮಾನರು ನನ್ನ ಕಡೆ ವಾಲಿ, "ಏನಂತು?" ಅಂದರು.

ಎರಡು ಓಣಿ ಆಚೆ ಬಸ್ಸಿನ ಹಾರ್ನ್ ಕೇಳಿ ಯಾವ ಡ್ರೈವರ್ ಎಂದು ಹೇಳುವ ಕಿವಿ ಅವು!

"ಕನ್ನಡದಾಗ ಒದರಾಕತ್ತದಲ್ರಿ!"

"ಇರಲಿ, ನೀ ಹೇಳು."

ನಾನು ಟಿವಿ ನಿಲ್ಲಿಸಿದೆ. "ಕಣ್ಣ ಬಂದ್ರ ನಾ ಓದಿ ಹೇಳೂದ ಬಿಡ್ತೇನಂತ ಆಪರೇಷನ್ ಒಲ್ಲೆ ಅನ್ನಾಕತ್ತೀರಿ. ಹೌದಿಲ್ಲೋ?"

ಅವರು ಚಾಪೆಯ ಅಂಚು ತಿರುವಿದರು. "ನೌಕರಿ ಇದ್ದಾಗ ನಾ ಸ್ಟ್ಯಾಂಡಿನಾಗ, ನೀ ಮಕ್ಕಳ ಹಿಂದ. ಇಬ್ಬರೂ ಬಾಜೂಕ ಕುಂತು ಎರಡು ತಾಸು ಮಾತಾಡಿದ್ದು ಯಾವಾಗ ಹೇಳು. ಈಗ ಸಿಕ್ಕದ."

ಕೊಲೆಗಾರನನ್ನು ಹಿಡಿದವಳೇ ಅವನಿಗೆ ಮಾತು ಕೊಡುವುದನ್ನು ಯಾವ ಸಿನಿಮಾದಲ್ಲೂ ತೋರಿಸಿಲ್ಲ.

"ಕಣ್ಣ ಬಂದ ಮ್ಯಾಲೂ ಓದಿ ಹೇಳ್ತೇನಿ. ಮಾತ ಕೊಟ್ಟೀನಿ" ಅಂದೆ.

"ಮತ್ತ ಇಷ್ಟ ದಿನ ಸುಮ್ಮನ ಯಾಕ ತಡಾ ಮಾಡಿದಿ?" ಅಂದರು. ತಪ್ಪು ನನ್ನದೇ ಆಯಿತು.

ಟಿಕೀಟು

ಆಪರೇಷನ್ ಆಯಿತು. ಕಣ್ಣು ಸ್ವಚ್ಛವಾಯಿತು. ಮೊದಲ ದಿನವೇ ನನ್ನ ಮುಖ ನೋಡಿ, "ಇಷ್ಟ ಕೂದಲ ಯಾವಾಗ ಬೆಳ್ಳಗಾದ್ವು?" ಅಂದರು. "ನಿಮ್ಮ ಆಪರೇಷನ್ ದಾರಿ ಕಾಯೂದ್ರಾಗ" ಅಂದೆ.

ಟಿವಿ ನೋಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಅವರು ಬೇಕೆಂದು ಕೇಳಿದ್ದು ಅದೇ ಹಿಮದ ಊರಿನ ಕೊಲೆ. ನನಗೆ ರೊಟ್ಟಿ, ನಾಯಿ ಎರಡೂ ನೆನಪಾದವು. ಆಪಾ ಹುಣಸೆಹಣ್ಣು ಹಿಡಿದು ಬಂದು ಕೂತರು. ಪತ್ತೇದಾರ ಊಟಕ್ಕೆ ಕೂತ.

"ರೊಟ್ಟಿ ಎಲ್ಲಿ ಅದ?" ಅಂದರು ಯಜಮಾನರು.

"ಇವತ್ತ ಬಡಿದಿಲ್ಲ ಕಾಣತದ."

ಅವರು ನನ್ನ ಕಡೆ ಒಮ್ಮೆ ನೋಡಿದರು. ಸ್ವಲ್ಪ ಹೊತ್ತಿಗೆ ಆ ಮುದುಕನ ಮನೆ ಬಂತು, ಬಂದೂಕು ಬಂತು. ಢಂ ಅಂತು. ನಾಯಿ ಹಿಮದ ಮೇಲೆ ಬಿತ್ತು. ಏಳಲಿಲ್ಲ.

ಯಜಮಾನರು ನಿಧಾನಕ್ಕೆ ಕರಿ ಕನ್ನಡಕ ತೆಗೆದು ಮಡಿಚಿ ಜೇಬಿಗೆ ಹಾಕಿದರು. ಹೊಸ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿ ಗೋಡೆಗೆ ಒರಗಿದರು.

"ಇದರಾಗ ಬರೋಬರಿ ತೋರಿಸಿಲ್ಲ. ನೀನ ಹೇಳು" ಅಂದರು.

ನಾನು ಹತ್ತಿರ ಸರಿದು ಕೂತೆ. "ನಾಯಿ ಎದ್ದು ಮೈ ಝಾಡಿಸಿಕೊಂಡ್ತು. ಸ್ಟ್ಯಾಂಡಿಗೆ ಬಂತು."

"ಬಸ್ಸ ನಿಂತಿತ್ತೇನು?"

"ನಿಂತಿತ್ತು. ಹತ್ತಿತು."

"ಸೀಟು?"

"ಕಿಡಕಿ ಬಾಜೂಕ."

ಅವರ ಮುಖ ಸಡಿಲಾಯಿತು. ಆಪಾ ಹುಣಸೆಹಣ್ಣಿನ ಕೈಯನ್ನು ಹಾಗೇ ಮೇಲೆ ಹಿಡಿದು, ತೋಳಿನಿಂದ ಕಣ್ಣು ಒರೆಸಿಕೊಂಡು, ಬಹಳ ಚಿಂತೆಯಿಂದ ಕೇಳಿದರು:

"ಭಾಯಿ, ನಾಯಿಗೂ ಟಿಕೀಟ ತಗೋತಾರೇನ್ರಿ?"

ಯಜಮಾನರು ಕಣ್ಣು ತೆರೆಯದೆ, ಡ್ಯೂಟಿಯ ದನಿಯಲ್ಲಿ ಹೇಳಿದರು:

"ಅರ್ಧಾ."