ಡೋರೀನ್ ತೊಳೆದಿಟ್ಟ ಫ್ಲಾಸ್ಕುಗಳು

ಕೆಲವು ಚಟಗಳು ವೀಸಾ ಇಲ್ಲದೆಯೇ ವಿಮಾನ ಹತ್ತಿ ಬಂದುಬಿಡುತ್ತವೆ. ನನ್ನ ಜೊತೆ ಬಂದದ್ದು ತೊಳೆದದ್ದನ್ನೇ ಮತ್ತೆ ತೊಳೆಯುವ ಚಟ. ಧಾರವಾಡದ ನಮ್ಮ ಮನೆಯಲ್ಲಿ ಕೆಲಸದಾಕೆ ಥಳಥಳ ಬೆಳಗಿಟ್ಟ ಪಾತ್ರೆಗಳ ಮೇಲೂ ಅವ್ವ ಎರಡು ತಂಬಿಗೆ ನೀರು ಸುರಿದೇ ಒಳಗೆ ತರುತ್ತಿದ್ದಳು. ಆಕೆಯ ಕೈ ಮೈಲಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ತೊಂಬತ್ತರ ದಶಕದ ಕೊನೆಗೆ ನಾನು ಲಂಡನ್ನಿನ ಒಂದು ಪ್ರಯೋಗಾಲಯದಲ್ಲಿದ್ದೆ. ಕೆಲವು ಬ್ಯಾಕ್ಟೀರಿಯಾಗಳು ಸೋಪಿನಂಥ ನೊರೆ ಬರುವ ವಸ್ತುವನ್ನು ತಾವೇ ತಯಾರಿಸುತ್ತವೆ. ಅದನ್ನು ಒಂದು ಹನಿ ಬೆರೆಸಿದರೆ ಜಿಡ್ಡು ಒಡೆಯುವ ಕಿಣ್ವ ಚುರುಕಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಚುರುಕಾಯಿತು. ಆದರೆ ಹನಿ ಬೆರೆಸದ ಫ್ಲಾಸ್ಕಿನಲ್ಲೂ ಅಷ್ಟೇ ಚುರುಕಾಯಿತು! ಫ್ಲಾಸ್ಕಿನಲ್ಲಿ ಸೋಪು ಉಳಿದಿರಬೇಕು ಎಂದು ಪ್ರೊಫೆಸರ್ ಹುಬ್ಬು ಗಂಟಿಕ್ಕಿದಾಗ, ಗಾಜು ತೊಳೆಯುವ ಡೋರೀನ್ ಹೆಸರನ್ನು ನಾನೇ ಹೇಳಿದೆ. ಅರವತ್ತರ ಹತ್ತಿರದ, ಬೆರಳ ಗಂಟುಗಳು ಊದಿದ ಹೆಂಗಸು. ಅವಳಿಗೆ ಎಚ್ಚರಿಕೆಯ ಪತ್ರ ಹೋಯಿತು. ಇನ್ನೊಂದು ಬಂದರೆ ಕೆಲಸವೇ ಹೋಗುತ್ತಿತ್ತು.

ಆಮೇಲೆ ನಾನು ಜ್ವರ ಬಂದು ಒಂದು ವಾರ ಮಲಗಿದೆ. ನನ್ನ ಪ್ರಯೋಗಕ್ಕೆ ಸಹೋದ್ಯೋಗಿಯೊಬ್ಬ ಡೋರೀನ್ ತೊಳೆದಿಟ್ಟ ಫ್ಲಾಸ್ಕುಗಳನ್ನು ಹಾಗೆಯೇ ಬಳಸಿದ. ಹನಿ ಬೆರೆಸದ ಫ್ಲಾಸ್ಕಿನಲ್ಲಿ ಕಿಣ್ವ ಚುರುಕಾಗಲಿಲ್ಲ, ಲೆಕ್ಕಾಚಾರವೆಲ್ಲ ಸರಿಬಂತು. ಫೋನಿನಲ್ಲಿ ಸುದ್ದಿ ಕೇಳಿದಾಗ ತಪ್ಪು ಯಾರದೆಂದು ಹೊಳೆಯಿತು. ದಿನಾ ಅವಳು ತೊಳೆದದ್ದನ್ನು ನಾನು, ಲಂಡನ್ನಿನ ಬರೀ ನೀರಿನ ಮೇಲೆ ನಂಬಿಕೆ ಸಾಲದೆ, ಈಸ್ಟ್ ಹ್ಯಾಮಿನ ಇಂಡಿಯನ್ ಅಂಗಡಿಯಿಂದ ತಂದ ಅಂಟುವಾಳದ ಪುಡಿ ಹಾಕಿ ಮತ್ತೆ ತೊಳೆಯುತ್ತಿದ್ದೆ. ಅವಸರದಲ್ಲಿ ಒಮ್ಮೆ ನೀರಾಡಿಸಿದರೆ ಮುಗಿಯಿತು. ಅಂಟುವಾಳದ ನೊರೆಗೂ ಕಿಣ್ವವನ್ನು ಚುರುಕಾಗಿಸುವ ಅದೇ ಗುಣ. ಉಳಿದದ್ದು ನನ್ನ ನೊರೆ.

ಗಂಡನ ಮುಂದೆ ಹೇಳಿಕೊಂಡು ಅತ್ತುಬಿಟ್ಟೆ. ಅವರು ಸಮಾಧಾನವನ್ನೇನೂ ಮಾಡಲಿಲ್ಲ.

“ದಿನಾ ಬ್ಯಾಕ್ಟೀರಿಯಾದ ಎಂಜಲದಾಗ ಕೈ ಆಡಸ್ತಿ. ಅದಕ್ಕಿಲ್ಲದ ಮೈಲಿಗಿ ಆಕಿ ಕೈಗೆ ಎಲ್ಲಿಂದ ಬಂತು?”

ಪ್ರೊಫೆಸರ ಮುಂದೆ ಅಂಟುವಾಳದ ವಿಷಯ ಒಪ್ಪಿಕೊಂಡೆ, ಪತ್ರ ರದ್ದಾಯಿತು. ನಾಚಿಕೆಯಿಂದ ಕುಗ್ಗಿ ಡೋರೀನ್ ಬಳಿ ಹೋಗಿ ಕ್ಷಮೆ ಕೇಳಿದೆ. ಅವಳು ಕೈಗವಸು ಬಿಚ್ಚುತ್ತ, “ಪರವಾಗಿಲ್ಲ ಬಿಡು. ಆದ್ರೆ ನಾನು ತೊಳೆದದ್ದನ್ನ ನೀನು ಯಾಕೆ ಮತ್ತೆ ತೊಳೀತಿದ್ದೆ?” ಎಂದಳು.

ಉತ್ತರ ನನಗೆ ಗೊತ್ತಿತ್ತು. ಆದರೂ ಸೋಪು ಉಳಿದೀತೆಂಬ ಭಯ ಅಂತ ಏನೋ ತೊದಲಿದೆ. ಪಾಪ, ನಂಬಿದಳು. ಅಂದಿನಿಂದ ನಿವೃತ್ತಿಯಾಗುವವರೆಗೆ ನನ್ನ ಫ್ಲಾಸ್ಕುಗಳನ್ನು ಮಾತ್ರ ಆ ಊದಿದ ಬೆರಳುಗಳಿಂದ ಮೂರು ಮೂರು ಸಲ ತೊಳೆದಳು. ಚಟ ಬಿಟ್ಟ ಮಹಾತಾಯಿಯಾದ ನಾನು ದಿನಾ ಥ್ಯಾಂಕ್ಯೂ ಹೇಳಿ ತೆಗೆದುಕೊಂಡು ಹೋದೆ.