ಬ್ರೇಕಿಗೆ ಎಲೆ ಉಂಟಾ?

ಪಂಜ, ಡಿಸೆಂಬರ್ ೧೯೮೩

ಘಾಟಿಯ ಬುಡದ ಗೇಟನ್ನು ಹಗಲಿರುಳು ಕಾಯುವ ಅರಣ್ಯ ರಕ್ಷಕರ ಸನ್ನಿಧಾನಕ್ಕೆ, ನಾಲ್ಕು ಜನರೂ ಓದಲೆಂದು ಬರೆದ ಬಹಿರಂಗ ಪತ್ರ

ಮಾನ್ಯರೇ,

ತಮಗೂ, ತಮ್ಮ ಗೇಟಿಗೂ, ಗೇಟಿನ ತುದಿಗೆ ಭಾರಕ್ಕೆಂದು ಕಟ್ಟಿರುವ ಕಲ್ಲಿಗೂ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದೂ, ತಮ್ಮ ವಶದಲ್ಲಿರುವ ನಮ್ಮ ಸೈಕಲು ತಮಗಿಂತಲೂ ಕ್ಷೇಮವಾಗಿರುವುದೆಂದೂ ನಂಬಿ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಸಂಜೆ ತಮ್ಮ ಮುಂದೆ ಬೆವರಿ ನಿಂತಿದ್ದ, ಲೇಡೀಸ್ ಸೈಕಲಿನ ನಡುವಯಸ್ಸಿನ ಆಸಾಮಿ ನಾನೇ. ಸೈಕಲು ಮಾತ್ರ ನನ್ನದಲ್ಲ, ನನ್ನ ಹೆಂಡತಿ ವಾಸಂತಿಯದು. ಆಕೆ ಪಂಜದ ಸುತ್ತಿನ ಗುಡ್ಡೆ ಬೈಲುಗಳಲ್ಲಿ ಹೆರಿಗೆ ಮಾಡಿಸುವ ನರ್ಸು. ಗೆಳೆಯ ಕಿಟ್ಟಣ್ಣನೊಡನೆ ಘಾಟಿ ಹತ್ತಿ ಇಳಿಯುವ ಹುಚ್ಚು ಹಿಡಿದು ನಾನು ಅದನ್ನು ಕೇಳಿದಾಗ ಆಕೆ, "ಸಂಕಪ್ಪನ ಹೆಂಡತಿ ಸೀತುವಿಗೆ ದಿನ ತುಂಬಿದೆ. ಸೋಮವಾರಕ್ಕೆ ಸೈಕಲು ಬೇಕೇ ಬೇಕು. ನೀವು ನಿಧಾನ ಬಂದರೂ ಅಡ್ಡಿ ಇಲ್ಲ" ಎಂದು ಅಪ್ಪಣೆ ಕೊಟ್ಟಿದ್ದಳು.

ಶನಿವಾರ ರಾತ್ರಿ ಘಾಟಿಯ ಕೆಳಗಿನ ಗುಂಡ್ಯದಲ್ಲಿ ತಂಗಿ, ಭಾನುವಾರ ಬೆಳಕು ಹರಿಯುವಾಗ ಹೊರಟೆವು. "ಏರು ಬಂದಲ್ಲಿ ಸೈಕಲು ನಮ್ಮ ಹೆಗಲಿಗೆ, ಇಳಿಜಾರು ಬಂದಲ್ಲಿ ನಾವು ದೇವರ ಮಡಿಲಿಗೆ" ಎಂದು ತಿರುವೊಂದರಲ್ಲಿ ನಾನು ಪದ್ಯ ಕಟ್ಟಿದರೆ, ಕಿಟ್ಟಣ್ಣ ಏದುಸಿರಿನಲ್ಲೇ, "ಪದ್ಯಕ್ಕೆ ಉಸಿರು ಉಂಟಲ್ಲ ನಿಮಗೆ, ನನ್ನ ಸೈಕಲನ್ನೂ ಸ್ವಲ್ಪ ದೂಡಿ" ಎಂದ. ಲಾರಿಯವರು ನಮ್ಮನ್ನು ದಾಟುವಾಗ ತಲೆ ಹೊರಗೆ ಹಾಕಿ, ಮನೆಯಲ್ಲಿ ಜಗಳವೋ ಎಂದು ವಿಚಾರಿಸಿ ಹೋದರು. ಹೇಗೋ ಮೇಲೆ ಮುಟ್ಟಿ, ಅವಲಕ್ಕಿ ತಿಂದು, ತಣ್ಣನೆಯ ಗಾಳಿಗೆ ಅಂಗಿ ಒಣಗಿಸಿಕೊಂಡು, ರಾಜರಂತೆ ಇಳಿಯತೊಡಗಿದೆವು.

ರಾಜ್ಯಭಾರ ಹೆಚ್ಚು ಹೊತ್ತು ನಡೆಯಲಿಲ್ಲ, ಬ್ರೇಕಿನ ರಬ್ಬರು ಸುಟ್ಟ ವಾಸನೆ ಬಂತು. ಇಂಥಲ್ಲಿ ನಮ್ಮ ಕಡೆಯ ಸೈಕಲಿನವರು ಮಾಡುವುದೇನೆಂದು ತಮಗೆ ತಿಳಿಯದ್ದಲ್ಲ: ಬದಿಯಲ್ಲಿ ಬಿದ್ದ ಸೊಪ್ಪಿನ ಕೊಂಬೆಯೊಂದನ್ನು ಹಗ್ಗದಿಂದ ಕ್ಯಾರಿಯರಿಗೆ ಕಟ್ಟಿ, ಅದು ಡಾಮರಿನ ಮೇಲೆ ಉಜ್ಜುತ್ತ ಹಿಂದಕ್ಕೆ ಜಗ್ಗುತ್ತಿರುವಾಗ ನೆಮ್ಮದಿಯಿಂದ ಇಳಿಯುವುದು, ಘಾಟಿ ಮುಗಿದೊಡನೆ ಬಿಚ್ಚಿ ಬಿಸಾಡುವುದು. ಕಿಟ್ಟಣ್ಣ ಬಿಸಾಡಿದ. ನಾನು ಪದವೀಧರನಾದ್ದರಿಂದ, ರಸ್ತೆಯಲ್ಲಿ ಕಸ ಹಾಕಬಾರದೆಂದು ಎಣಿಸಿ, ಕೊಂಬೆಯ ಸಮೇತ ತಮ್ಮ ಗೇಟಿಗೆ ಬಂದೆ.

"ಇದೆಂತ ಮಾರಾಯ್ರೆ, ಕಾಡನ್ನೇ ಎಳ್ಕೊಂಡು ಹೋಗುದಾ?" ಎಂದು ತಾವು ಕೇಳಿದಿರಿ. ಅದು ಬ್ರೇಕು ಎಂದು ಕಿಟ್ಟಣ್ಣ ವಿವರಿಸಿದ. "ಬ್ರೇಕಿಗೆ ಎಲೆ ಉಂಟಾ?" ಎಂದಿರಿ. ಬಿ.ಎ.ಗೆ ತರ್ಕಶಾಸ್ತ್ರ ಓದಿದ ನಾನು ಆ ಪ್ರಶ್ನೆಗೆ ಇಂದಿಗೂ ಉತ್ತರ ಹುಡುಕುತ್ತಿದ್ದೇನೆ.

ಮುಂದಿನ ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕೊಂಬೆಯನ್ನು ಅಳೆಯಲು ಟೇಪು ತಂದಿರಿ, ಒಂದು ತುದಿಯನ್ನು ತಾವು ಹಿಡಿದು ಇನ್ನೊಂದನ್ನು ಆರೋಪಿಯಾದ ನನಗೇ ಕೊಟ್ಟಿರಿ, ಎಲೆಗಳನ್ನು ಅಳತೆಗೆ ಸೇರಿಸುವುದೋ ಬಿಡುವುದೋ ಎಂದು ಬಹಳ ಹೊತ್ತು ಚಿಂತಿಸಿದಿರಿ. ಆಗ ಟಾರ್ಪಾಲು ಹೊದ್ದು, ಬಾಲದ ಕಡೆ ದಿಮ್ಮಿಗಳು ಇಣುಕುತ್ತಿದ್ದ ಲಾರಿಯೊಂದು ಬಂತು. ತಮ್ಮ ಕೈಗೆ ಬಿಡುವಿಲ್ಲದ್ದನ್ನು ಕಂಡ ಕ್ಲೀನರು ತಾನೇ ಇಳಿದು ಗೇಟು ಎತ್ತಿ, ಲಾರಿ ದಾಟಿಸಿ, ಮರೆಯದೆ ಇಳಿಸಿ, ತಮಗೊಂದು ಸಲಾಮು ಕೊಟ್ಟು ಹೋದ. ಕಾಡು ಕಾಯುವ ಕೆಲಸದಲ್ಲಿ ಜನರ ಸಹಕಾರ ಎಂದರೆ ಇದು.

ಹೀಗೆ ಕೊಂಬೆ ಸಾಕ್ಷಿಯಾಯಿತು, ಸೈಕಲು ಸಾಗಾಟದ ವಾಹನವಾಯಿತು, ನಾನು ಜಪ್ತಿಯ ರಶೀದಿ ಹಿಡಿದು ಕಿಟ್ಟಣ್ಣನ ಕ್ಯಾರಿಯರಿನ ಸಾಮಾನಾದೆ. ಕಿಟ್ಟಣ್ಣನ ಸೈಕಲಿಗೆ ಅಡ್ಡಕಂಬಿ ಇರುವುದರಿಂದ ಸೀರೆಯುಟ್ಟವರಿಗೆ ಅದು ಆಗದು. ಸೋಮವಾರದಿಂದ ವಾಸಂತಿ ನಡೆದೇ ಹೋಗುತ್ತಿದ್ದಾಳೆ. ಸಂಜೆ ಕಾಲಿಗೆ ಬಿಸಿನೀರು ಹೊಯ್ಯುವಾಗ ಆಕೆ ತಮ್ಮನ್ನು ನೆನೆಯುವ ಮಾತುಗಳನ್ನು ಇಲ್ಲಿ ಬರೆದರೆ ಅಂಚೆಯವರು ಈ ಕಾಗದವನ್ನು ಮುಟ್ಟಲಾರರು.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ನಾನು ಆ ಕೊಂಬೆಯನ್ನು ಮುರಿದದ್ದಲ್ಲ, ಮುರಿದದ್ದು ಗಾಳಿಯೋ ಆನೆಯೋ ಇರಬೇಕು. ತಾವು ದಯವಿಟ್ಟು ಅವರಿಬ್ಬರನ್ನೂ ಗೇಟಿಗೆ ಕರೆಸಿ ಹೇಳಿಕೆ ಪಡೆಯಬೇಕು. ಅಥವಾ ಕೊಂಬೆ ಯಾವ ಮರದ್ದೆಂದು ಗುರುತಿಸಿ ಕೊಟ್ಟರೆ ನಾನೇ ಏಣಿ ತಂದು ಅದನ್ನು ಸ್ವಸ್ಥಾನದಲ್ಲಿ ಬಿಗಿದು ಬರುತ್ತೇನೆ, ಚಿಗುರುವ ತನಕ ನೀರೂ ಹೊಯ್ಯುತ್ತೇನೆ. ಇದೂ ಕಾನೂನಿಗೆ ಒಪ್ಪದಿದ್ದರೆ ಸೈಕಲಿನ ಬದಲು ನನ್ನನ್ನು ಜಪ್ತಿ ಮಾಡಿ ಇಟ್ಟುಕೊಳ್ಳಿ. ನನಗೆ ಗಾಳಿ ತುಂಬಬೇಕಾಗಿಲ್ಲ, ಎರಡು ಹೊತ್ತು ಗಂಜಿ ಸಾಕು. ಈ ಏರ್ಪಾಟನ್ನು ನಾನು ಹೇಳಿ ಮುಗಿಸುವ ಮೊದಲೇ ವಾಸಂತಿ, "ನಾಳೆಯೇ ಹೋಗಿ, ಚಾಪೆ ಕಟ್ಟಿ ಕೊಡ್ತೇನೆ" ಎಂದು ಒಪ್ಪಿಗೆ ಸೂಚಿಸಿದ್ದಾಳೆ.

ಕಾಡು ಹಸುರಾಗಿರಲಿ, ಟೇಪು ಉದ್ದವಾಗಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ತಿರುಮಲೇಶ್ವರ, ಬಿ.ಎ.

ತಾಜಾಕಲಂ: ಕಾಗದ ಮಡಚುವಷ್ಟರಲ್ಲಿ ಸಂಕಪ್ಪ ಓಡಿ ಬಂದು, ಅಂಗಳದಲ್ಲೇ ನಿಂತು, "ಸೀತುವಿಗೆ ನೋವು ಸುರುವಾಯ್ತು. ಸೈಕಲೆಲ್ಲಿ ನರ್ಸಮ್ಮ?" ಎಂದ. ವಾಸಂತಿ ನನ್ನ ಮುಖವನ್ನೊಮ್ಮೆ ನೋಡಿ, ಚೀಲ ಹೆಗಲಿಗೇರಿಸಿ ಗುಡ್ಡೆಯ ದಾರಿ ಹಿಡಿದಿದ್ದಾಳೆ. ಆಕೆಗಿಂತ ಮೊದಲು ಕೂಸೇ ಬಂದು ಮುಟ್ಟಿದರೆ ಅದಕ್ಕೆ ತಮ್ಮ ಹೆಸರಿಡಬೇಕೆಂದು ನಾನು ಶಿಫಾರಸು ಮಾಡುವವನಿದ್ದೇನೆ. ರಶೀದಿಯಲ್ಲಿ ತಮ್ಮ ಸಹಿ ಓದಲಾಗುವುದಿಲ್ಲ, ಹೆಸರನ್ನು ಬಿಡಿಸಿ ಬರೆದು ಕಳಿಸಿ. ಸೈಕಲಿಗೆ ಕಟ್ಟಿ ಕಳಿಸಿದರೆ ಬೇಗ ಮುಟ್ಟುತ್ತದೆ.