ಹುಲುಗಪ್ಪನ ಹೆಸರಿಗೆ ಓ ಅಂದಾಕಿ

ಬಡವರ ಪರ ಮಾತಾಡುವ ಕೆಲಸ ಹಿಡಿದವರಿಗೆ ಇಂಥವು ತಪ್ಪಿದ್ದಲ್ಲ. ಒಳ್ಳೇದು ಮಾಡಲಿಕ್ಕೆ ಹೋಗುವುದು, ಅದು ಇನ್ನೇನೋ ಆಗುವುದು, ಮಂದಿ ನಗುವುದು, ನಾವು ಮುಖ ಊದಿಸಿಕೊಂಡು ಬಸ್ಸು ಹತ್ತುವುದು.

ಹೊಸಪೇಟೆಯ ನಮ್ಮ ಸಣ್ಣ ಚರ್ಚಿನ ಮಹಿಳಾ ಸಂಘದಲ್ಲಿ ನಾನು ಭಾಳ ವರ್ಷ ದುಡಿದೆ. ಎಪ್ಪತ್ತರ ದಶಕದ ಮಾತು ಇದು. ಕಾಲುವೆ ನೀರು ಉಂಡ ಕಂಪ್ಲಿ ಕಡೆಯವರು ಭತ್ತ, ಕಬ್ಬು ಬೆಳೆದು ಮಾಳಿಗೆ ಕಟ್ಟಿಸುತ್ತಿದ್ದರು. ಸಂಡೂರು ಗುಡ್ಡದಲ್ಲಿ ಅದಿರು ಅಗೆಯುವವರು ಮಾತ್ರ ತಲೆಯಿಂದ ಕಾಲಿನ ತನಕ ಕೆಂಪು ಧೂಳು ಬಳಿದುಕೊಂಡು ಇದ್ದಲ್ಲೇ ಇದ್ದರು. ನಮ್ಮ ಫಾದರ್ ಮತ್ತು ನಾನು ವಾರವಾರ ಅಲ್ಲಿಗೆ ಹೋಗುತ್ತಿದ್ದೆವು. ನಾನೇನು ಸನ್ಯಾಸಿನಿಯಲ್ಲ, ಆದರೆ ನನ್ನ ಬಿಳಿ ಸೀರೆ ನೋಡಿ ಗುಡ್ಡದ ಜನ ‘ಸಿಸ್ಟರಮ್ಮ’ ಅಂತ ಹೆಸರಿಟ್ಟರು. ಒಮ್ಮೆ ನನ್ನ ಯಜಮಾನರು ಜೊತೆಗೆ ಬಂದಾಗ ಅವರೆಲ್ಲ ಗಾಬರಿಯಾದದ್ದು ಬೇರೆ ಕಥೆ.

ಜೋಡಿ ಇಲ್ಲದಾಕಿ

ಆ ಗಣಿಯಲ್ಲಿ ಒಂಟಿ ಆಳನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಜೋಡಿ ಬೇಕು. ಗಂಡ ಹಾರೆ ಹಿಡಿದು ಅಗೆಯಬೇಕು, ಹೆಂಡತಿ ಪುಟ್ಟಿಯಲ್ಲಿ ಅದಿರು ಹೊತ್ತು ಲಾರಿಗೆ ಹಾಕಬೇಕು. ಹಾಜರಿಯಲ್ಲಿ ಗಂಡನ ಹೆಸರೊಂದೇ. ಹುಲುಗಪ್ಪ ಅನ್ನುವವನು ಜ್ವರ ಬಂದು ತೀರಿಕೊಂಡ. ಮೇಸ್ತ್ರಿ ಅವನ ಹೆಂಡತಿಗೂ ಮನೆಗೆ ಹೋಗು ಅಂದ. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಒಬ್ಬ ಮುದಿ ಅತ್ತೆ. ಆಕೆಯ ಕೆಲಸ ಹೋದರೆ ಒಲೆ ಹತ್ತುವುದಿಲ್ಲ.

ಫಾದರ್ ಹೋಗಿ ಮೇಸ್ತ್ರಿಗೆ ಅರ್ಧ ತಾಸು ಬುದ್ಧಿ ಹೇಳಿದರು. ದೇವರ ಮುಂದೆ ಗಂಡು ಹೆಣ್ಣು ಸಮ, ದುಡಿಯುವ ಕೈಗೆ ಘನತೆ ಉಂಟು, ಆಕೆಯೊಬ್ಬಳನ್ನೇ ಇಟ್ಟುಕೊಳ್ಳಿ ಅಂತ. ಮೇಸ್ತ್ರಿ ಸಮಾಧಾನದಿಂದ ಕೇಳಿದ, ಚಹಾನೂ ತರಿಸಿದ. ಚಿಕ್ಕಂದಿನಲ್ಲಿ ನಮ್ಮ ಚರ್ಚಿನವರ ಶಾಲೆಯಲ್ಲೇ ಓದಿದವನಂತೆ.

“ನಿಮ್ಮ ದೇವರೂ ಮೊದ್ಲು ಆದಾಮನ್ನ ಒಬ್ಬನ್ನೇ ತೋಟದ ಕೆಲಸಕ್ಕ ಇಟ್ಟು ನೋಡಿದ್ನಲ್ರಿ ಫಾದರ್,” ಅಂದ. “ಬಗೆಹರೀಲಿಲ್ಲ. ಕಡೀಗೆ ಜೋಡಿನೇ ಮಾಡಬೇಕಾತು.”

ಫಾದರ್ ಅರ್ಧ ಚಹಾ ಅಲ್ಲೇ ಬಿಟ್ಟು ಬಸ್ಸಿನ ಕಡೆ ನಡೆದರು.

ಹಾರೆ ಯಾರ ಕೈಯಾಗೈತಿ

ನಮ್ಮ ಕೈಯಲ್ಲಿ ಆಗದ್ದನ್ನು ಆ ಮುದಿ ಅತ್ತೆ ಮಾಡಿದಳು. ಮರುವಾರ ಹೋದಾಗ ನೋಡುತ್ತೇವೆ, ಸೀರೆಯ ಮೇಲೆ ಸತ್ತ ಮಗನ ಅಂಗಿ ಹಾಕಿಕೊಂಡು ಅಗೆಯುತ್ತಿದ್ದಾಳೆ. ಸೊಸೆ ಪುಟ್ಟಿ ಹೊರುತ್ತಿದ್ದಾಳೆ. “ಇಬ್ಬರೂ ಹೆಂಗಸರು, ಇದರಾಗ ಗಂಡ ಯಾರಬೇ?” ಅಂತ ಮೇಸ್ತ್ರಿ ಕೇಳಿದ್ದಕ್ಕೆ ಅಜ್ಜಿ, “ಹಾರೆ ಯಾರ ಕೈಯಾಗೈತಿ ನೋಡ್ಕೊ” ಅಂದಿದ್ದಳಂತೆ.

ಹಾಜರಿಯಲ್ಲಿ ಹೆಸರು ತಿದ್ದುವ ಉಸಾಬರಿ ಬ್ಯಾಡ ಅಂತ ಮೇಸ್ತ್ರಿ ಹಳೆಯದನ್ನೇ ಬಿಟ್ಟ. ದಿನಾ ಮುಂಜಾನೆ ಅವನು ಹುಲುಗಪ್ಪ ಅಂತ ಕೂಗುವುದು, ಅಜ್ಜಿ ಓ ಅನ್ನುವುದು.  ಮಗನ ಹೆಸರು ಹಿಂಗ ಕೂಗಿದ್ರ ಸಂಕಟ ಆಗಲ್ವೇನಬೇ ಅಂತ ನಾನು ಕೇಳಿದೆ.

“ಬದುಕಿದ್ದಾಗ ಎಷ್ಟು ಕೂಗಿದ್ರೂ ಓ ಅಂದಾವನಲ್ಲ ಸಿಸ್ಟರಮ್ಮ,” ಅಂದಳು. “ಈಗ ನೋಡ್ರಿ, ಒಂದ್ ಕೂಗಿಗೆ ಓ ಅಂತಾನ.”

ಕಾಲು ತೊಳೆದದ್ದು

ಪವಿತ್ರ ಗುರುವಾರ ಬಂತು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಅವತ್ತು ಫಾದರ್ ಕೆಲವರ ಕಾಲು ತೊಳೆಯುತ್ತಾರೆ. ಈ ಸಲ ಗುಡ್ಡದ ಕೂಲಿಯವರ ಕಾಲು ತೊಳೆಯೋಣ, ಹೆಂಗಸರದೂ ತೊಳೆಯೋಣ ಅಂತ ನಾನು ಹಟ ಹಿಡಿದೆ. ಪದ್ಧತಿ ಪ್ರಕಾರ ಗಂಡಸರದಷ್ಟೇ ಅಂದರು ಫಾದರ್. ಹಂಗಾದರೆ ಅಜ್ಜಿಯಿಂದ ಶುರು ಮಾಡಿ, ಹಾಜರಿಯಲ್ಲಿ ಆಕೆ ಗಂಡಸೇ ಅಂದೆ. ಪಾಪ, ಒಪ್ಪಿದರು.

ಗುಡ್ಡಕ್ಕೇ ಹೋಗಿ ಗಣಿಯ ಬೇವಿನ ಮರದಡಿ ಅಜ್ಜಿಯನ್ನು ಕುರ್ಚಿ ಮೇಲೆ ಕೂಡಿಸಿದೆವು. ಫಾದರ್ ತಂಬಿಗೆ ಹಿಡಿದು ಮಂಡಿಯೂರಿದರು. ಅಜ್ಜಿ ಗಪ್ಪನೆ ಕಾಲು ಮೇಲೆಳೆದುಕೊಂಡಳು.

“ನಮ್ಮಲ್ಲಿ ಹಿಂಗ ಕುಂದ್ರಿಸಿ ಕಾಲು ತೊಳಿಯೋದು ಮದಿವ್ಯಾಗ, ಅಳಿಯಂದು,” ಅಂತ ನನ್ನ ಮುಖ ನೋಡಿದಳು. “ಗಂಡಸು ಮಾಡಿದ್ರಿ, ತಡಕೊಂಡೆ. ಹುಡುಗಿ ಯಾರು ಅಂತನಾರ ಮೊದ್ಲು ಹೇಳ್ರಿ.”

ನಾವು ಗೆದ್ದದ್ದು

ಹೆಂಗಸರನ್ನು ಅವರವರ ಹೆಸರಲ್ಲೇ ಕರೆಯಬೇಕು, ಜೋಡಿ ಇಲ್ಲದಿದ್ದರೂ ಕೆಲಸ ಕೊಡಬೇಕು ಅಂತ ನಾವು ಕಂಡಕಂಡವರಿಗೆ ಅರ್ಜಿ ಬರೆದೆವು. ಕಚೇರಿ ಅಲೆದೂ ಅಲೆದೂ ಕಡೆಗೆ ಕಾರ್ಮಿಕ ಇಲಾಖೆಯ ಒಬ್ಬ ಸಾಹೇಬರು ಗುಡ್ಡಕ್ಕೆ ಬಂದು ಹಂಗೇ ಆಗಲಿ ಅಂದರು. ಅವತ್ತು ಸೊಸೆಯನ್ನು ಗಂಗಮ್ಮ ಅಂತ ಕೂಗಿದಾಗ ಆಕೆಗೆ ತಾನೇ ಅಂತ ಹೊಳೆಯಲಿಲ್ಲ. ಪಕ್ಕದವರು ತಿವಿದ ಮೇಲೆ ಓ ಅಂದಳು. ನನ್ನ ಕಣ್ಣು ತುಂಬಿ ಬಂತು. ಫಾದರ್ ಸ್ತೋತ್ರ ಹೇಳಿದರು.

ಆಮೇಲೆ ಅಜ್ಜಿಯ ಸರದಿ. ಸಾಹೇಬರು ಆಕೆಯ ಬಿಳಿ ತಲೆ ನೋಡಿದರು, ವಯಸ್ಸು ಕೇಳಿದರು. ಇಷ್ಟು ವಯಸ್ಸಾದವರಿಗೆ ಅಗೆಯುವ ಕೆಲಸ ಕೊಡಲು ಕಾಯಿದೆಯಲ್ಲಿ ಅವಕಾಶ ಇಲ್ಲ ಅಂತ ಬಿಡಿಸಿಯೇಬಿಟ್ಟರು. ನಾವು ಕೈಮುಗಿದೆವು, ಕೇಳಲಿಲ್ಲ. ಒಬ್ಬಳ ದುಡಿಮೆಯಲ್ಲಿ ಆ ಮನೆ ನಡೆಯುವಂಗಿರಲಿಲ್ಲ.

ಅಜ್ಜಿ ಹಾರೆ ಕೆಳಗಿಟ್ಟಳು. “ನಿನ್ನೀ ತನ ಹಾಜರ್ಯಾಗ ಮೂವತ್ತು ವರ್ಷದ ಹರೇದ ಗಂಡಸು ಇದ್ನೆಬೇ ಸಿಸ್ಟರಮ್ಮ,” ಅಂದಳು. “ನೀವು ಬಂದು ಒಂದೇ ದಿನದಾಗ ಮುದುಕಿ ಮಾಡಿಬಿಟ್ರಿ.”

ಎಲ್ಲರೂ ನಕ್ಕರು. ನನಗೆ ಆ ಹಳಹಳಿ ಇವತ್ತಿಗೂ ಹೋಗಿಲ್ಲ.

ಖಾಲಿ ಕುಂತಾಕಿ

ಕೆಲಸ ಹೋದ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಗಣಿಯ ಬೇವಿನ ಮರದಡಿ ಕೂಡತೊಡಗಿದಳು. ಹೆಂಗೂ ಖಾಲಿ ಕುಂತಾಳಲ್ಲ ಅಂತ ಒಬ್ಬಳು ತನ್ನ ಕೂಸು ಬಿಟ್ಟಳು, ಇನ್ನೊಬ್ಬಳು ಬಿಟ್ಟಳು. ಕೊಂಬೆಕೊಂಬೆಗೆ ಸೀರೆಯ ಜೋಲಿ ಬಿದ್ದವು. ಮೇಸ್ತ್ರಿಯೂ ತನ್ನ ಮೊಮ್ಮಗನನ್ನು ತಂದು ಬಿಟ್ಟ. ಇದೂ ಕೆಲಸವೇ, ಆಯಾ ಅಂತ ಆಕೆಗೆ ಕೂಲಿ ಕೊಡಿ ಅಂತ ನಾನು ಜಗಳಕ್ಕೆ ನಿಂತೆ. “ಕೂಸು ಆಡಿಸೋದಕ್ಕ ಯಾರರ ಕೂಲಿ ಕೊಡ್ತಾರೇನ್ರಿ? ಅಜ್ಜಿದೇರು ಇರೋದೇ ಅದಕ್ಕ,” ಅಂದ ಮೇಸ್ತ್ರಿ.

ಅಜ್ಜಿ ಮರದಡಿ ಕೂತೇ ಇದನ್ನು ಕೇಳಿಸಿಕೊಂಡಳು. ಮರುದಿನ ಮೊಮ್ಮಕ್ಕಳ ಸಮೇತ ಕಂಪ್ಲಿಯಲ್ಲಿದ್ದ ತನ್ನ ಮಗಳ ಮನೆಗೆ ಹೊರಟುಹೋದಳು.

ಗಣಿ ಅರ್ಧಕ್ಕೆ ನಿಂತಿತು. ಕಂಕುಳಲ್ಲಿ ಕೂಸಿದ್ದಾಕಿ ಪುಟ್ಟಿ ಹೆಂಗ ಹೊರಬೇಕು? ಲಾರಿಗಳು ಖಾಲಿ ನಿಂತವು. ಮೇಸ್ತ್ರಿ ಮೂರನೇ ದಿನಕ್ಕೆ ಹೊಸಪೇಟೆಗೆ ಬಂದು ನಮ್ಮ ಬಾಗಿಲು ಬಡಿದ. ಅವನೂ ನಾನೂ ಕಂಪ್ಲಿಗೆ ಹೋದೆವು. ಭತ್ತದ ನಾಟಿ ನಡೆದಿತ್ತು. ಕಾಲುವೆ ಏರಿಯ ಮೇಲೆ ಅಜ್ಜಿ ಸಿಕ್ಕಳು, ಸುತ್ತ ನಾಟಿಯವರ ಮಕ್ಕಳು. ಅಲ್ಲೂ ಖಾಲಿಯೇ ಕೂತಿದ್ದಳು.

“ಬಾರಬೇ, ಕೂಲಿ ಕೊಡಸ್ತೀನಿ,” ಅಂದ ಮೇಸ್ತ್ರಿ. “ಹೆಂಗಸರ ಕೂಲಿ ಕೊಟ್ರ ಆತಿಲ್ಲೋ?”

“ಹೆಂಗಸಾಗಿ ಬಂದ್ರ ನಾಕು ದಿನ ಕೊಡ್ತಿ, ಐದನೇ ದಿನ ಅಜ್ಜಿದೇರು ಇರೋದೇ ಅದಕ್ಕ ಅಂತಿ,” ಅಂದಳು ಅಜ್ಜಿ. “ಹುಲುಗಪ್ಪನ ಹೆಸರಿನಾಗ ಬರ್ತೀನಿ. ಗಂಡಸಿನ ಕೂಲಿ ಕೊಡು.”

 ಹೆಂಗಸಿಗೆ ಅವಳ ಹೆಸರು ಕೊಡಿಸುತ್ತೇವೆ ಅಂತ ಅಷ್ಟು ವರ್ಷ ಗುಡ್ಡ ಹತ್ತಿಳಿದವಳು ನಾನು. 

ಮೇಸ್ತ್ರಿ ತಲೆ ಕೆರೆದುಕೊಂಡ. “ಹಾಜರ್ಯಾಗ ಹೆಂಗ ಹಚ್ಚಲಬೇ? ಗಂಡಸು ಕೂಸು ನೋಡ್ಕೋತಾನ ಅಂದ್ರ ಮಂದಿ ನಗಂಗಿಲ್ಲೇನು?”

ಅಜ್ಜಿ ತೊಡೆಯ ಮೇಲಿನ ಕೂಸಿನ ಮೂಗು ಸೆರಗಿನಿಂದ ಒರೆಸಿದಳು.

“ಬದುಕಿದ್ದಾಗಂತೂ ಒಂದ್ ದಿನಾನೂ ಕೂಸು ನೋಡ್ಕೊಳ್ಳಲಿಲ್ಲಪ್ಪ,” ಅಂದಳು. “ಸತ್ತ ಮ್ಯಾಲಾದ್ರೂ ನೋಡ್ಕೊಳ್ಳಲಿ ಬಿಡು.”